ಹುಟ್ಟದ ಮದುಮಗನಿಗೆ

ನಿನಗೆ ಮದುವೆಯಂತೆ.
ಸುದ್ದಿ ತಂದವನು ನಿನ್ನಪ್ಪ ನೆಜ್ದೆತ್ ಬೇ.
ಬೂಟು ಕಳಚದೆ ಹೊಸ್ತಿಲಲ್ಲೇ ನಿಂತು
"ಮಗನಿಗೆ ಮನೆ ಬೇಕಾಗಿದೆ, ಮುಜೆಯೆನ್ ಹನೂಮ್,
ಜೂನ್ ಒಳಗೆ ಖಾಲಿ ಮಾಡಿಕೊಡಿ" ಅಂದ.

ಹನ್ನೊಂದು ವರ್ಷ ಬಾಡಿಗೆ ಎಣಿಸಿಕೊಟ್ಟ ಕೈ ನನ್ನದು.
ಅವನ ಸಕ್ಕರೆ ಕಾಯಿಲೆ ಗೊತ್ತು,
ಆದರೂ ಚಹಾಕ್ಕೆ ಎರಡು ಬಿಲ್ಲೆ ಸಕ್ಕರೆ ಕದ್ದು ಹಾಕಿಕೊಳ್ಳುವುದು ಗೊತ್ತು,
ಕಲೋನಿನಲ್ಲಿರುವ ಮಗಳು ಗೊತ್ತು.
"ಇರುವವಳು ಅವಳೊಬ್ಬಳೇ" ಎಂದು ಒಂದು ಬಕ್ರೀದಿನ ಮಧ್ಯಾಹ್ನ
ಇದೇ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡಿದ್ದ.
ನೀನೊಬ್ಬ ಗೊತ್ತಿರಲಿಲ್ಲ.

ತಪ್ಪು ನಿನ್ನದಲ್ಲ, ಮಗೂ.
ಬಾಡಿಗೆ ಮನಬಂದಂತೆ ಏರಿಸುವ ಹಾಗಿಲ್ಲ ಅನ್ನುತ್ತದೆ ಕಾನೂನು;
ಸ್ವಂತ ಮಗನಿಗೆ ಬೇಕಾದರೆ ಬಿಡಿಸಬಹುದು, ಹೀಗೂ ಅನ್ನುತ್ತದೆ.
ಅದಕ್ಕೇ ಈ ವರ್ಷ ಇಸ್ತಾಂಬುಲ್ ತುಂಬ
ಗಂಡುಮಕ್ಕಳು ಹುಟ್ಟುತ್ತಿದ್ದಾರೆ, ಮೀಸೆ ಸಮೇತ.
ಕೆಳಮನೆಯ ಹಾಗೋಪ್ ಮೇಷ್ಟ್ರನ್ನು ಎಬ್ಬಿಸಿದವನೂ ನಿನ್ನಂಥವನೇ.
ಮೇಷ್ಟ್ರು ಹೋದರು.
ಅವರ ಪಿಯಾನೊ ಮಾತ್ರ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು
ಹೋಗುವವರ ಮೊಣಕೈ ತಾಗಿದಾಗೆಲ್ಲ
ಒಂದೊಂದು ಸ್ವರ ನರಳುತ್ತದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು:
ನಿನ್ನಪ್ಪ ಎಷ್ಟು ಸಲೀಸು ಮಾಡಿಬಿಟ್ಟ!
ಕಟ್ಟಿಟ್ಟ ಮನೆ,
ಬಾಯಲ್ಲೇ ಮದುವೆ.

ನಾನು ಹೊಲಿಗೆಯವಳು. ಲೆಕ್ಕ ನನಗೂ ಬರುತ್ತದೆ.
ಪ್ಯಾಂಟಿನ ಅಂಚು ಮಡಿಸಿದರೆ ನೂರೈವತ್ತು ಲಿರಾ.
ಎದುರು ಬೀದಿಯ ಇಂಥದೇ ಮನೆಗೆ ಮೂವತ್ತೆರಡು ಸಾವಿರ,
ಅಂದರೆ ತಿಂಗಳಿಗೆ ಇನ್ನೂರ ಹದಿನಾಲ್ಕು ಪ್ಯಾಂಟು.
ಇಡೀ ಫೆರಿಕೊಯಿನಲ್ಲಿ ಅಷ್ಟು ಜನ ಗಿಡ್ಡ ಗಂಡಸರಿಲ್ಲ.
ಮೂರು ತಿಂಗಳ ಮುಂಗಡ, ದಲ್ಲಾಳಿಗೆ ಒಂದು ತಿಂಗಳು,
ಊಟ, ದಾರ, ಸೂಜಿ, ಆಮೇಲೆ.

ಎಸೆನ್ಯುರ್ತಿಗೆ ಹೋಗಿ ಬಂದೆ, ಎರಡು ಗಂಟೆ ಬಸ್ಸಿನಲ್ಲಿ ನಿಂತು.
ನೆಲಮಾಳಿಗೆ. ಕಿಟಕಿಯಲ್ಲಿ ಜನರ ಪಾದಗಳು.
(ಪ್ಯಾಂಟಿನ ಅಂಚುಗಳನ್ನು ಅಲ್ಲೇ ಕೂತು ಪರೀಕ್ಷಿಸಬಹುದು.)
ಗೋಡೆಗೆ ಹೋದ ವರ್ಷದ ಕ್ಯಾಲೆಂಡರ್.
ಎತ್ತಿ ನೋಡಿದೆ: ಹಿಂದೆ ಬಿರುಕು,
ಡಿಸೆಂಬರಿಗಿಂತ ಉದ್ದ.
"ಭೂಕಂಪ ತಾಳುವಂಥದು ಬೇಕಾದರೆ
ಅದರ ದರ ಬೇರೆ" ಅಂದ ಹುಡುಗ, ಮೊಬೈಲ್ ನೋಡುತ್ತ.
ಸಾಯದೆ ಇರುವುದಕ್ಕೂ ಬಾಡಿಗೆ ಇದೆ ಎಂದು
ಆವತ್ತು ತಿಳಿಯಿತು.

ಮೇ ಕೊನೆಗೆ ನಿನ್ನಪ್ಪ ಮತ್ತೆ ಬಂದ. ಚಹಾ ಕೊಟ್ಟೆ.
"ಹುಡುಗಿಯ ಹೆಸರೇನು?" ಕೇಳಿದೆ.
ಅವನ ಕಣ್ಣು ಮೊದಲು ಹೊಲಿಗೆ ಯಂತ್ರದ ಮೇಲೆ ಹೋಯಿತು,
ಆಮೇಲೆ ಒಲೆ, ಆಮೇಲೆ ಕಪಾಟು.
"ಫಿಲಿಜ್" ಅಂದ.
ಚಹಾ ಪೊಟ್ಟಣದ ಮೇಲಿನ ಹೆಸರು.
ನಾವಿಬ್ಬರೂ ಪೊಟ್ಟಣವನ್ನೇ ನೋಡುತ್ತ ಕೂತೆವು.
ಆವತ್ತು ಅವನು ಸಕ್ಕರೆ ಹಾಕಿಕೊಳ್ಳಲಿಲ್ಲ.

ಇರಲಿ. ಫಿಲಿಜಳಿಗೆ ಹೇಳು:
ಬಚ್ಚಲ ನಲ್ಲಿ ಎಡಕ್ಕೆ ತಿರುಗಿಸಬೇಕು.
ಚಳಿಗಾಲದಲ್ಲಿ ಮಲಗುವ ಕೋಣೆಯ ಬಾಗಿಲು ಊದಿಕೊಳ್ಳುತ್ತದೆ,
ಜಗಳವಾಡಿ ಧಡಾರನೆ ಹಾಕಿಕೊಂಡರೆ ಬೆಳಗಿನವರೆಗೆ ತೆಗೆಯಲಾಗದು;
ರಾಜಿಯಾಗಿಯೇ ಹೊರಬರಬೇಕು.
ಮೂರನೇ ಮೆಟ್ಟಿಲ ಕುಂಟು ಬೆಕ್ಕಿಗೆ ಬಾಡಿಗೆಯಿಲ್ಲ, ಕೇಳಬೇಡಿ.
ಅಡುಗೆಮನೆ ಕಿಟಕಿಯಿಂದ ಸ್ವಲ್ಪ ಬಗ್ಗಿದರೆ
ಎರಡು ಕಟ್ಟಡಗಳ ನಡುವೆ
ಒಂದು ಬೆರಳಗಲ ನೀರು ಕಾಣುತ್ತದೆ.
ಅದಕ್ಕೆ ನಾನು ಪರದೆ ಎಳೆದೇ ಇಟ್ಟಿದ್ದೆ ಇಷ್ಟು ವರ್ಷ;
ದಲ್ಲಾಳಿ ಕಂಡರೆ ಸಮುದ್ರ ಅನ್ನುತ್ತಾನೆ.

ಲಾರಿ ಬಂದಿದೆ. ಯಂತ್ರ ಏರಿಸಿದ್ದಾರೆ.
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು,
ನನ್ನ ಕಸುಬಿನವಳಿಗೆ ಅದು ಗೊತ್ತಿಲ್ಲದ್ದಲ್ಲ.
ಆದರೂ ನಿನ್ನೆ ರಾತ್ರಿ ಉಳಿದ ತುಂಡುಬಟ್ಟೆಯಲ್ಲಿ
ಒಂದು ಹೊಲಿದೆ. ನಿನಗೆ.
ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದೇನೆ.

ತಲೆಯ ಅಳತೆ ಯಾರೂ ಹೇಳಲಿಲ್ಲ.
ಕಟ್ಟಿಕೊಳ್ಳಲು ದಾರ
ಉದ್ದಕ್ಕೇ ಬಿಟ್ಟಿದ್ದೇನೆ.